ಮೊಳೆ ದೊಡ್ಡಪ್ಪನ ಮೂರು ಕಾಲಂ

ಮೊಳೆ ದೊಡ್ಡಪ್ಪ ಬರಿಗೈಯಲ್ಲಿ ನಡೆದರೂ ಏನನ್ನೋ ಹೊತ್ತು ನಡೆಯುವವರ ಹಾಗೆ ಕಾಣುತ್ತಿದ್ದರು. ಮೊಣಕೈಗಳೆರಡೂ ಪಕ್ಕೆಗೆ ಅಂಟಿ, ಅಂಗೈಗಳು ಹೊಟ್ಟೆಯ ಮಟ್ಟದಲ್ಲಿ ಮುಂದಕ್ಕೆ ಚಾಚಿ, ದೃಷ್ಟಿ ನಾಲ್ಕು ಹೆಜ್ಜೆ ಆಚೆಯ ನೆಲದ ಮೇಲೆ ನೆಟ್ಟು, ಹಿಮ್ಮಡಿಯ ಸದ್ದೂ ಆಗದಂತೆ ಅವರು ಮಾರುಕಟ್ಟೆಯ ಬೀದಿಯಲ್ಲಿ ಬರುತ್ತಿದ್ದರೆ, ಚೀಲ ಹಿಡಿದವರೂ ಸೈಕಲ್ಲಿನವರೂ ತಮಗರಿವಿಲ್ಲದೆ ಪಕ್ಕಕ್ಕೆ ಸರಿದು, ಆಮೇಲೆ, ‘ಅಯ್ಯೋ, ಈ ಮನುಷ್ಯನ ಕೈಯಲ್ಲಿ ಏನೂ ಇಲ್ಲವಲ್ಲ’ ಎಂದು ಹಿಂತಿರುಗಿ ನೋಡುತ್ತಿದ್ದರು. ಕಾಣದ ಆ ಹೊರೆ ಒಂದು ಪುಟದ್ದು. ಮೂವತ್ತು ವರ್ಷ ಅವರು ಊರಿನ ಸಂಜೆ ದಿನಪತ್ರಿಕೆಯ ಪುಟಗಳನ್ನು, ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಕಲ್ಲುಮೇಜಿನಿಂದ ನನ್ನ ಯಂತ್ರದವರೆಗೆ ಹದಿನೆಂಟು ಹೆಜ್ಜೆ ಹೊತ್ತು ತಂದವರು. ನಮ್ಮದು ಚಿಕ್ಕ ಅಳತೆಯ ಪತ್ರಿಕೆಯೇ ಇರಬಹುದು. ಆದರೂ ಆ ಹದಿನೆಂಟು ಹೆಜ್ಜೆಯಲ್ಲಿ ಒಮ್ಮೆ ಎಡವಿದರೆ ಊರಿನ ಒಂದು ಇಡೀ ದಿನ, ಅದರ ಸಾವು, ಹುಟ್ಟು, ಜಗಳ, ನಲ್ಲಿನೀರಿನ ಸರದಿಗಳ ಸಮೇತ, ನೆಲದ ಮೇಲೆ ಚೆಲ್ಲಾಪಿಲ್ಲಿ. ಅವರು ಎಡವಲಿಲ್ಲ. ಎಡವದ ಮನುಷ್ಯನೂ ಎಂಥಾ ತಪ್ಪು ಮಾಡಬಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊಳೆ ಎಂಬ ಅಡ್ಡಹೆಸರು ಅಚ್ಚುಮೊಳೆಯಿಂದ ಬಂದದ್ದು ಎಂದು ಕೆಲವರ ವಾದ. ದೊಡ್ಡಪ್ಪನ ಚುಚ್ಚುಮಾತು ಕೇಳಿದವರಿಗೆ ಅದು ಎಲ್ಲಿಂದ ಬಂತೆಂಬ ಅನುಮಾನವಿರಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ. ಅವರಿಗೆ ಎಲ್ಲರೂ ಅವರವರು ಮಾಡುವ ಕೆಲಸ. ನನ್ನನ್ನು ‘ಲೋ ಮಷೀನು’ ಎಂದೇ ಕರೆದರು, ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೂ. ಏಳನೇ ತರಗತಿ ದಾಟದ ನನಗೆ ಭಾಷೆ ಬಂದದ್ದು ಅವರು ಓದಿಸಿದ ಕರಡುಪ್ರತಿಗಳಿಂದ. ಒಂದು ದೀರ್ಘ ತಪ್ಪಿದರೆ ತಲೆಯ ಮೇಲೆ ಮೊಟಕು. ಪತ್ರಿಕೆಯ ಹತ್ತನೇ ವರ್ಷಕ್ಕೆ ಅವರಿಗೆ ಕೊಟ್ಟ ನೀಲಿ ಕೋಟು ಮಸಿ ಕುಡಿದು ಕುಡಿದು ಯಾವ ಬಣ್ಣವೂ ಅಲ್ಲದ್ದಾಗಿತ್ತು. ‘ಹೊಸದು ಹೊಲಿಸಿಕೊಳ್ಳಿ ದೊಡ್ಡಪ್ಪ’ ಎಂದರೆ, ‘ಇದಕ್ಕೇನಾಗಿದೆ, ಬಾಯಿ ಬಂದಿಲ್ವಲ್ಲ, ನಿನ್ನ ಹಾಗೆ’ ಎನ್ನುತ್ತಿದ್ದರು. ವಾದ ಮುಗಿಯಿತೆಂದು ತಮಗನ್ನಿಸಿದ ಕೂಡಲೇ, ಎದುರಿನವನ ಬಾಯಲ್ಲಿ ಮಾತು ಅರ್ಧವಿದ್ದರೂ, ‘ಅದಿರ್ಲಿ, ಮುಂದಿನ ಪುಟ’ ಎಂದು ತಿರುಗಿಬಿಡುತ್ತಿದ್ದರು. ಮನೆಯಲ್ಲೂ ಹಾಗೆಯೇ ಇರಬೇಕು. ಅವರ ಹೆಂಡತಿ, ನಮ್ಮೆಲ್ಲರ ದೊಡ್ಡಮ್ಮ, ಒಮ್ಮೆ ನನ್ನೆದುರೇ ಹೇಳಿದ್ದರು: ‘ನಾನು ಮೂವತ್ತು ವರ್ಷದಿಂದ ಮೊದಲನೇ ಪುಟದಲ್ಲೇ ಇದೀನಪ್ಪ, ಇವರು ಮುಂದೆ ಓದಲೇ ಇಲ್ಲ.’

ಪತ್ರಿಕೆ ಹುಟ್ಟಿದ್ದು ಗಾಡಿ ನಿಲ್ಲಿಸುತ್ತಿದ್ದ ಒಂದು ಕೊಟ್ಟಿಗೆಯಲ್ಲಿ. ಹಳೇ ಯಜಮಾನರು ಎಲ್ಲಿಂದಲೋ ಹರಾಜಿನಲ್ಲಿ ಹಿಡಿದು ತಂದ ಯಂತ್ರಕ್ಕೆ ವಿದ್ಯುತ್ತು ಕೈಕೊಟ್ಟ ದಿನ ಸಂಪಾದಕರಾದಿಯಾಗಿ ಹನ್ನೊಂದು ಜನ ಸರದಿಯಲ್ಲಿ ಚಕ್ರ ತಿರುಗಿಸಿ ನಾಲ್ಕು ಪುಟ ಹೊರತಂದರಂತೆ. ಅಂಥ ವೀರಗಾಥೆಗಳು ಎಲ್ಲ ಪತ್ರಿಕೆಗೂ ಇರುತ್ತವೆ, ಬಿಡಿ. ನಮ್ಮದಕ್ಕೆ ಮಾತ್ರ ಇದ್ದದ್ದು ಎರಡು. ಒಂದು, ಕಲ್ಲುಮೇಜಿನ ಮೇಲಿನ ಗೋಡೆಯಲ್ಲಿ ಹಳೇ ಯಜಮಾನರು ಕೆಂಪು ಬಣ್ಣದಲ್ಲಿ ತಾವೇ ಬರೆದ ನಿಯಮ: ‘ತಪ್ಪು ಎಲ್ಲೋ ತಿದ್ದುಪಡಿ ಅಲ್ಲೇ, ತಪ್ಪು ಎಷ್ಟಗಲವೋ ತಿದ್ದುಪಡಿ ಅಷ್ಟಗಲ.’ ಮೊದಲ ಪುಟದಲ್ಲಿ ತಪ್ಪಿದರೆ ಮೊದಲ ಪುಟದಲ್ಲೇ, ಅದೇ ಕಾಲಮ್ಮಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಒಪ್ಪಿಕೊಳ್ಳಬೇಕು. ಮಂತ್ರಿಯ ಸುದ್ದಿಯಾದರೂ ಸರಿದು ಜಾಗ ಬಿಡಬೇಕು. ಬದುಕಿದ್ದ ದಿನಸಿ ವ್ಯಾಪಾರಿಯೊಬ್ಬರನ್ನು ಒಮ್ಮೆ ಸಾಯಿಸಿಬಿಟ್ಟಿದ್ದೆವು. ಮಾರನೆಯ ದಿನ ಅದೇ ಜಾಗದಲ್ಲಿ, ಅದೇ ಚಿತ್ರದ ಕೆಳಗೆ ‘ಇವರು ಬದುಕಿದ್ದಾರೆ’ ಎಂದು ಅಚ್ಚಾಯಿತು. ವ್ಯಾಪಾರಿ ಖುದ್ದು ಕಚೇರಿಗೆ ಬಂದು, ‘ಇನ್ನೆರಡು ದಿನ ಬಿಟ್ಟು ಬದುಕಿಸಬಾರದಿತ್ತೇನ್ರಿ, ಯಾರ‍್ಯಾರು ಅಳ್ತಾರೆ ಅಂತ ಈಗಷ್ಟೇ ಗೊತ್ತಾಗ್ತಿತ್ತು’ ಎಂದು ಗೋಳಾಡಿದರು. ಆ ನಿಯಮದಿಂದಲೇ ಊರು ನಮ್ಮನ್ನು ನಂಬಿತು.

ಎರಡನೆಯದು ಬ್ಲಾಕುಗಳ ಕಪಾಟು. ಆಗ ಪ್ರತಿಯೊಂದು ಚಿತ್ರವನ್ನೂ ಸತುವಿನ ತಗಡಿನಲ್ಲಿ ಕೊರೆಸಿ ಮರದ ತುಂಡಿನ ಮೇಲೆ ಬಡಿದು ತರಿಸಬೇಕಿತ್ತು, ಅದೇ ಬ್ಲಾಕು. ಒಮ್ಮೆ ಬಳಸಿದ್ದನ್ನು ಮುಂದೆ ಬೇಕಾದೀತೆಂದು ಕಾಗದದಲ್ಲಿ ಸುತ್ತಿ ಗೂಡುಗಳಲ್ಲಿ ಇಡುತ್ತಿದ್ದೆವು. ‘ಒಂದೇ ಹೆಸರಿನವರು ಊರಿಗೆ ಹತ್ತು ಜನ, ಗೊಂದಲ ಬೇಡ’ ಎಂದು ಹಳೇ ಯಜಮಾನರು ಗೂಡುಗಳಿಗೆ ಹೆಸರಿನ ಬದಲು ಕಸುಬಿನ ಚೀಟಿ ಅಂಟಿಸಿದ್ದರು: ವಕೀಲ, ಪೈಲ್ವಾನ, ಮೇಷ್ಟ್ರು, ದಾದಿ. ಗೊಂದಲ ತಪ್ಪಿಸಲು ಮಾಡಿದ ಈ ಏರ್ಪಾಡೇ ಕೊನೆಗೆ ಒಬ್ಬರ ಬದುಕನ್ನು ತಿಂದಿತು.

ಹಳೇ ಯಜಮಾನರು ತೀರಿಕೊಂಡು ಅವರ ಮಗ, ಚಿಕ್ಕ ಯಜಮಾನರು, ಗಾದಿಗೆ ಬಂದ ವರ್ಷ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಹಸುಗೂಸು ಕದ್ದು ಮಾರಿದ ದಾದಿಯೊಬ್ಬಳು ಸಿಕ್ಕಿಬಿದ್ದಳು. ಊರಿಗೆ ಊರೇ ಕುದಿಯುತ್ತಿತ್ತು. ಅವಳ ಚಿತ್ರದ ಬ್ಲಾಕು ಮಧ್ಯಾಹ್ನ ಒಂದೂಕಾಲಿಗೆ ಬಂತು. ತಂದವನು ಪದ್ಧತಿಯಂತೆ ದಾದಿ ಎಂಬ ಗೂಡಿನಲ್ಲಿಟ್ಟು ಹೋದ. ಆ ಗೂಡಿನಲ್ಲಿ ಎರಡು ವರ್ಷದಿಂದ ಇನ್ನೊಂದು ಬ್ಲಾಕಿತ್ತು. ಸಾವಿರನೆಯ ಹೆರಿಗೆ ಮಾಡಿಸಿದರೆಂದು ನಾವೇ ಹೊಗಳಿ ಬರೆದಿದ್ದ, ಮೂರು ಬೀದಿ ಆಚೆಯ ದಾದಿಯಮ್ಮನದು. ಒಂದೂವರೆಗೆ ಪುಟ ಯಂತ್ರಕ್ಕೆ ಹೋಗಬೇಕು. ದೊಡ್ಡಪ್ಪ ಗೂಡಿಗೆ ಕೈ ಹಾಕಿದರು, ಕೈಗೆ ಸಿಕ್ಕಿದ್ದನ್ನು ಬಿಚ್ಚಿದರು, ಮಸಿ ಮೆತ್ತಿದ ಸತುವಿನಲ್ಲಿ ಮುಖ ಯಾರದೆಂದು ನೋಡದೆ ಮೂರು ಕಾಲಂ ಅಗಲಕ್ಕೆ ಕೂರಿಸಿ ಬಿಗಿದರು, ಹದಿನೆಂಟು ಹೆಜ್ಜೆ ಹೊತ್ತು ತಂದರು. ಮುದ್ರಿಸಿದವನು ನಾನು. ಆರು ಸಾವಿರ ಸಲ ಆ ತಾಯಿಯ ಮುಖ ನನ್ನ ಕಣ್ಣ ಮುಂದೆ ಹಾದುಹೋಯಿತು. ನಾನು ನೋಡುತ್ತಿದ್ದದ್ದು ಮಸಿ ಸಮನಾಗಿ ಬೀಳುತ್ತಿದೆಯೋ ಇಲ್ಲವೋ ಎಂದು.

ಸಂಜೆ ಐದಕ್ಕೆ ದಾದಿಯಮ್ಮನ ಮನೆಯ ಕಿಟಕಿಗಳು ಒಡೆದವು. ಅವರ ಕೈಯಲ್ಲೇ ಹುಟ್ಟಿದ ಹುಡುಗರು ಕಲ್ಲೆಸೆದವರ ಪೈಕಿ ಇದ್ದರು.

ಮಾರನೆಯ ಬೆಳಗ್ಗೆ ದೊಡ್ಡಪ್ಪ ಯಾರೊಂದಿಗೂ ಮಾತಾಡದೆ ಮೂರು ಕಾಲಮ್ಮಿನ ತಿದ್ದುಪಡಿ ಜೋಡಿಸಿದರು: ಅದೇ ಜಾಗ, ಅದೇ ಅಗಲ, ಅದೇ ಚಿತ್ರ, ‘ಈ ತಾಯಿ ನಿರಪರಾಧಿ, ತಪ್ಪು ನಮ್ಮದು’ ಎಂಬ ದಪ್ಪಕ್ಷರದ ಶೀರ್ಷಿಕೆ. ಚಿಕ್ಕ ಯಜಮಾನರು ಕರಡು ನೋಡಿದವರೇ ಮೇಲಿಂದ ಇಳಿದು ಬಂದರು.

‘ಏನ್ರಿ ಇದು ದೊಡ್ಡಪ್ಪ? ಇಷ್ಟಗಲ ತಪ್ಪೊಪ್ಪಿಗೆ ಹಾಕಿದ್ರೆ ನಾಳೆ ನಮ್ಮ ಪತ್ರಿಕೇಲಿ ಕಡಲೆಕಾಯೂ ಕಟ್ಟಲ್ಲ ಜನ.’

‘ಗೋಡೆ ಮೇಲೆ ನಿಮ್ಮಪ್ಪ ಬರೆದಿದಾರೆ, ಓದ್ಕೊಳ್ಳಿ.’

‘ಅಪ್ಪನ ಕಾಲ ಅಪ್ಪನ ಜೊತೆ ಹೋಯ್ತು. ನಾಲ್ಕನೇ ಪುಟದಲ್ಲಿ ಎರಡು ಸಾಲು ಹಾಕಿ, ಸಾಕು.’

ಎರಡು ಸಾಲು ಬಂತು, ಟೆಂಡರ್ ಪ್ರಕಟಣೆಗಳ ಅಡಿಯಲ್ಲಿ: ‘ತಾಂತ್ರಿಕ ದೋಷದಿಂದ ನಿನ್ನೆ ಬೇರೊಂದು ಚಿತ್ರ ಪ್ರಕಟವಾಗಿದೆ. ವಿಷಾದಿಸುತ್ತೇವೆ.’ ಯಾರ ಚಿತ್ರ, ಎಲ್ಲಿ, ಯಾಕೆ, ಒಂದೂ ಇಲ್ಲ. ತಾಂತ್ರಿಕ ದೋಷವಂತೆ! ನನ್ನ ಯಂತ್ರ ಮೂಕಪ್ರಾಣಿ. ಅದಕ್ಕೆ ಬಾಯಿದ್ದಿದ್ದರೆ ಆ ಹೊತ್ತೇ ಅವರ ಮುಖಕ್ಕೆ ಉಗಿಯುತ್ತಿತ್ತು. ನನಗೆ ಬಾಯಿತ್ತು. ನಾನೂ ಉಗಿಯಲಿಲ್ಲ.

ದಾದಿಯಮ್ಮ ಕೆಲಸ ಬಿಟ್ಟರು, ಅಥವಾ ಬಿಡಿಸಿದರು. ಹೆರಿಗೆಗೆ ಕರೆಯುವವರು ನಿಂತರು. ಬೀದಿಯಲ್ಲಿ ಅವರು ಎದುರಾದರೆ ಬಸುರಿಯರು ಸೆರಗು ಎಳೆದುಕೊಂಡು ಆಚೆ ಬದಿಗೆ ದಾಟತೊಡಗಿದರು. ಬಾಗಿಲು ಹಾಕಿಕೊಂಡವರು ಹೊರಗೆ ಕಾಣುವುದೇ ಅಪರೂಪವಾಯಿತು.

ಆಮೇಲೆ ಶುರುವಾಯಿತು ದೊಡ್ಡಪ್ಪನ ಹಟ. ಪ್ರತಿ ವರ್ಷ ಆ ತಾರೀಕಿಗೆ ಸರಿಯಾಗಿ, ಅದೇ ಮೂರು ಕಾಲಮ್ಮಿನ ತಿದ್ದುಪಡಿಯನ್ನು ಹೊಸದಾಗಿ ಜೋಡಿಸಿ, ಕರಡು ತೆಗೆದು, ಮಹಡಿ ಹತ್ತಿ, ಚಿಕ್ಕ ಯಜಮಾನರ ಮೇಜಿನ ಮೇಲಿಡುವುದು. ‘ಯಾರಿಗ್ರಿ ನೆನಪಿದೆ ಈಗ?’ ಎಂದು ಅವರು. ‘ನನಗೆ’ ಎಂದು ಇವರು. ಬೈಗುಳ, ಮೆಮೊ, ಒಂದು ಸಲ ಹದಿನೈದು ದಿನ ಅಮಾನತು. ಮೊಳೆಗಳ ಕಾಲ ಮುಗಿದು ಕಂಪ್ಯೂಟರು ಬಂತು, ಸೀಸವನ್ನೆಲ್ಲ ತೂಕಕ್ಕೆ ಹಾಕಿದರು, ಕೊಟ್ಟಿಗೆಯ ಪಕ್ಕದಲ್ಲಿ ಗಾಜಿನ ಕಟ್ಟಡ ಎದ್ದಿತು, ಕೆಂಪಕ್ಷರದ ಗೋಡೆಗೆ ಸುಣ್ಣ ಬಿತ್ತು. ದೊಡ್ಡಪ್ಪನನ್ನು ಹಳೇ ಸಂಚಿಕೆಗಳ ಕಾವಲಿಗೆ ಕೂರಿಸಿದರು. ಅವರಷ್ಟು ತಪ್ಪು ಹಿಡಿಯುವ ಕಣ್ಣು ಬೇರಾರಿಗೂ ಇಲ್ಲದ್ದರಿಂದ ಹಿಂದಿನ ಒಂದು ಅಭ್ಯಾಸ ಮಾತ್ರ ಉಳಿಯಿತು: ದೊಡ್ಡಪ್ಪನ ಸಹಿ ಬೀಳದ ಕರಡು ಅಚ್ಚಿಗೆ ಹೋಗುವಂತಿಲ್ಲ, ಸಹಿಯಾದ ಕರಡಿನಲ್ಲಿ ಇದ್ದದ್ದು ಇದ್ದ ಹಾಗೇ ಅಚ್ಚಾಗಬೇಕು. ವಾರ್ಷಿಕ ತಿದ್ದುಪಡಿಯೂ ನಿಲ್ಲಲಿಲ್ಲ; ಈಗ ಅದನ್ನು ಕೈಯಲ್ಲೇ ಬರೆದು ಒಯ್ಯುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷ. ನಾವೆಲ್ಲ ಅದನ್ನು ತಪಸ್ಸು ಎಂದೆವು. ನಾನೂ ಎಂದೆ, ಮನೆಯಲ್ಲಿ ಮಕ್ಕಳಿಗೆ ಕತೆ ಮಾಡಿ ಹೇಳಿದೆ.

ಪತ್ರಿಕೆಗೆ ಐವತ್ತು ತುಂಬಿತು. ಚರಿತ್ರೆ ಬರೆಯಲು ನಿವೃತ್ತ ಪ್ರಾಧ್ಯಾಪಕರೊಬ್ಬರು ನಿಯುಕ್ತರಾದರು. ಬೆರಳಿಗೆ ಧೂಳು ತಾಗೀತೆಂದು ಹಳೇ ಸಂಚಿಕೆಗಳನ್ನು ಪೆನ್ಸಿಲಿನ ತುದಿಯಲ್ಲಿ ತಿರುವುತ್ತಿದ್ದ ಮಹಾನುಭಾವರು. ಅವರ ಹಸ್ತಪ್ರತಿ ಸಹಿಗಾಗಿ ದೊಡ್ಡಪ್ಪನ ಮುಂದೆ ಬಂದಾಗ ಅದರಲ್ಲಿ ಹೀಗೊಂದು ವಾಕ್ಯವಿತ್ತು: ‘ಅರ್ಧಶತಮಾನದಲ್ಲಿ ಈ ಪತ್ರಿಕೆಯು ತನ್ನ ಒಂದೇ ಒಂದು ತಪ್ಪನ್ನೂ ತಿದ್ದದೆ ಬಿಟ್ಟಿಲ್ಲ.’ ದೊಡ್ಡಪ್ಪ ಅದರ ಮೇಲೆ ಗೆರೆ ಎಳೆದರು. ಪ್ರಾಧ್ಯಾಪಕರು, ‘ಚರಿತ್ರೆ ಅಂದ್ರೆ ಸಾರಾಂಶ ಕಣ್ರಿ, ಎಲ್ಲಾ ಹೇಳಕ್ಕಾಗಲ್ಲ’ ಎಂದು ನಕ್ಕು, ಗೆರೆಯ ಕೆಳಗೆ ಅದೇ ವಾಕ್ಯವನ್ನು ಮತ್ತೆ ಬರೆದರು. ಚಿಕ್ಕ ಯಜಮಾನರು ಇನ್ನೂ ಬುದ್ಧಿವಂತರು. ಸುವರ್ಣ ಸಂಚಿಕೆಯ ಮೊದಲ ಪುಟದಲ್ಲಿ ದೊಡ್ಡಪ್ಪನ ದೊಡ್ಡ ಚಿತ್ರ, ‘ನಮ್ಮ ನಿಷ್ಠೆಯ ಮುಖ’ ಎಂಬ ಅಡಿಬರಹ ಎಂದು ಅಪ್ಪಣೆ ಮಾಡಿದರು. ಬಾಯಿಗೆ ಬೆಣ್ಣೆ ಸವರಿದರೆ ಮಾತು ಜಾರುತ್ತದೆ ಎಂದುಕೊಂಡಿರಬೇಕು.

ಅಂದು ಮಧ್ಯಾಹ್ನ ದೊಡ್ಡಪ್ಪ ನನ್ನ ಬಳಿ ಬಂದರು. ‘ಲೋ ಮಷೀನು, ದಾದಿಯಮ್ಮ ಬದುಕಿದಾರಂತಾ?’

‘ಬದುಕಿದಾರೆ. ಯಾಕೆ, ನೀವು ನೋಡಿಲ್ವಾ?’

ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಬೀದಿಗೆ ಕಾಲಿಟ್ಟಿರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡವರೆಂದು ನೋಡದೆ ರಟ್ಟೆ ಹಿಡಿದು ಎಳೆದುಕೊಂಡೇ ಹೋದೆ.

ಬಾಗಿಲು ತೆರೆದವರು ಬೆನ್ನು ಬಾಗಿದ, ಕಣ್ಣು ಮಾತ್ರ ಚುರುಕಾದ ಮುದುಕಿ. ‘ಪತ್ರಿಕೆಯವರು’ ಎಂದೆ. ಕದ ಮುಚ್ಚಲು ಹೊರಟರು. ದೊಡ್ಡಪ್ಪ ಅಂದರು: ‘ಆ ಚಿತ್ರ ಇಟ್ಟ ಕೈ ನಂದು.’

ಆಕೆ ಆ ಕೈಗಳನ್ನೇ ಕೆಲ ಹೊತ್ತು ನೋಡಿದರು. ‘ಒಳಗೆ ಬನ್ನಿ. ಹೊರಗೆ ನಿಂತ್ರೆ ಬೀದಿಯೋರಿಗೆ ಮತ್ತೆ ಪುಕ್ಕಟೆ ನಾಟಕ.’

ಒಳಗೆ ಎರಡು ಕುರ್ಚಿ, ಒಂದು ಮಂಚ. ಹಸುಗೂಸು ತೂಗುವ ತಕ್ಕಡಿಯ ತಟ್ಟೆಯಲ್ಲಿ ಈರುಳ್ಳಿ. ದೊಡ್ಡಪ್ಪ ಜೇಬಿನಲ್ಲಿದ್ದ ತಿದ್ದುಪಡಿಯ ಹಾಳೆಯನ್ನು ಬಿಡಿಸಿ ಕೊಟ್ಟರು. ಆಕೆ ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದರು.

‘ಚೆನ್ನಾಗಿ ಬರ್ದಿದೀರಿ. ಎಷ್ಟು ಸಲ ಬರ್ದ್ರಿ?’

‘ವರ್ಷಕ್ಕೊಂದು ಸಲ, ಇಪ್ಪತ್ತೆರಡು.’

‘ಯಾರಿಗೆ ಕೊಟ್ರಿ?’

‘ಯಜಮಾನರಿಗೆ.’

‘ಕಲ್ಲು ಬಿದ್ದಿದ್ದು ಅವರ ಮನೆಗಾ? ಎಷ್ಟು ಬೀದಿರೀ ನಿಮ್ಮ ಪ್ರೆಸ್ಸಿಗೂ ನಮ್ಮನೆಗೂ?’

‘ಮೂರು, ತಾಯಿ.’

‘ಮೂರು ಬೀದಿ. ನೋವು ಬಂತು ಅಂತ ಯಾರು ಕೂಗಿದ್ರೂ ನಾನು ಚಪ್ಪಲಿ ಹುಡುಕದೆ ಓಡ್ತಿದ್ದೆ. ನಾನು ಒಳಗೆ ಕೂತು ಒಂದು ವರ್ಷ ಕಾದೆ ಕಣ್ರಿ, ಪ್ರೆಸ್ಸಿಂದ ಒಬ್ಬನಾದ್ರೂ ಬಂದು, ಅಮ್ಮಾ, ತಪ್ಪಾಯ್ತು ಅಂತಾನೆ ಅಂತ. ಎರಡನೇ ವರ್ಷದಿಂದ ಕಾಯೋದು ಬಿಟ್ಟೆ.’

ದೊಡ್ಡಪ್ಪ ಕೈ ಮುಗಿದರು. ‘ಈಗಲಾದ್ರೂ ಹಾಕಿಸ್ತೀನಿ.’

‘ಏನು ಹಾಕಿಸ್ತೀರಿ? ನನ್ನ ಮುಖಾನ? ಅವತ್ತು ನೋಡಿದವರಲ್ಲಿ ಅರ್ಧ ಜನ ಸತ್ರು, ಅರ್ಧ ಜನ ಮರೆತ್ರು. ನೋಡದೇ ಇರೋ ಮಕ್ಕಳಿಗೂ ತೋರಿಸ್ಬೇಕಾ? ಜನ ಚಿತ್ರ ನೋಡ್ತಾರಪ್ಪ, ಅಕ್ಷರ ಯಾರು ಓದ್ತಾರೆ?’ ಹಾಳೆಯನ್ನು ಮಡಿಸಿ ವಾಪಸು ಕೊಟ್ಟರು. ‘ನಿಮ್ಮದು ಹಾಕಿ.’

‘ನಂದಾ?’

‘ನಿಮ್ದೇ. ನನ್ನ ಮುಖ ಎಷ್ಟಗಲ ಹಾಕಿದ್ರೋ ಅಷ್ಟಗಲ. ಇವನು ಹಿಂಗೆ ಮಾಡ್ದ ಅಂತ ಕೆಳಗೆ ಬರೀರಿ. ಆಮೇಲೆ ಮಾರ್ಕೆಟ್ಟಿಗೆ ಹೋಗಿ ಬನ್ನಿ ಒಂದು ಸಲ. ಹೆಂಗಿರತ್ತೆ ನೋಡಿ.’

ದೊಡ್ಡಪ್ಪ ಹಾಳೆಯನ್ನು ಜೇಬಿಗೆ ಹಾಕಿಕೊಂಡರು. ‘ಮುಂದಿನ ಪುಟ’ ಎನ್ನಲಿಲ್ಲ.

ಸುವರ್ಣ ಸಂಚಿಕೆಯ ದಿನ ಮೊದಲ ಪುಟದ ಕರಡು ಸಹಿಗೆ ಬಂತು. ಮೂರು ಕಾಲಂ ಅಗಲಕ್ಕೆ ಅವರದೇ ಮುಖ ತಯಾರಾಗಿ ಕೂತಿತ್ತು. ದೊಡ್ಡಪ್ಪ ‘ನಮ್ಮ ನಿಷ್ಠೆಯ ಮುಖ’ವನ್ನು ಹೊಡೆದುಹಾಕಿ, ಪಕ್ಕದ ಖಾಲಿ ಜಾಗದಲ್ಲಿ ದುಂಡಕ್ಷರದಲ್ಲಿ ಬರೆದು, ಸಹಿ ಮಾಡಿ, ಪುಟ ಕಟ್ಟುವ ಅಕ್ಕನ ಕೈಗೆ ಕೊಟ್ಟರು. ಹದಿನೈದು ವರ್ಷದಿಂದ ಪುಟ ಕಟ್ಟುತ್ತಿದ್ದ ಗಟ್ಟಿ ಹೆಂಗಸು; ಓದಿದವಳೇ ಕೂತ ಕುರ್ಚಿಯಿಂದ ಎದ್ದಳು. ‘ದೊಡ್ಡಪ್ಪ, ಮೇಲೆ ಕೇಳ್ಕೊಂಡು ಬರ್ಲಾ?’

‘ಸಹಿ ಆದ ಕರಡಲ್ಲಿ ಏನಿದೆಯೋ ಅದು ಅಚ್ಚಾಗ್ಬೇಕು. ನಿಯಮ ಹೌದೋ ಅಲ್ವೋ? ಕರಡು ಜೋಪಾನವಾಗಿಟ್ಕೊ. ಕೇಳಿದ್ರೆ ತೋರ್ಸು, ನಿನ್ನ ಕೂದಲೂ ಕೊಂಕಲ್ಲ.’

ಅವಳು ಕೂತು, ಬರೆದದ್ದನ್ನು ಹಾಗೇ ಪುಟಕ್ಕೆ ಏರಿಸಿದಳು. ಅಚ್ಚಿನ ತಗಡು ನನ್ನ ಬಳಿ ಬಂತು. ಮೊದಲ ಪ್ರತಿ ಎತ್ತಿ ಓದಿದೆ. ಈ ಸಲ ಮಸಿ ನೋಡಲಿಲ್ಲ, ಅಕ್ಷರ ನೋಡಿದೆ.

‘ಇಪ್ಪತ್ತೆರಡು ವರ್ಷದ ಹಿಂದೆ ಇದೇ ಜಾಗದಲ್ಲಿ, ಇಷ್ಟೇ ಅಗಲಕ್ಕೆ, ನಿರಪರಾಧಿ ದಾದಿಯೊಬ್ಬರ ಚಿತ್ರವನ್ನು ಮಗು ಕದ್ದವಳ ಸುದ್ದಿಗೆ ಅಂಟಿಸಿದವನು ಈ ಮನುಷ್ಯ. ಮಾರನೆಯ ದಿನ ತಿದ್ದಲು ಬಿಡದವರು ಪತ್ರಿಕೆಯ ಈಗಿನ ಮಾಲೀಕರು. ಆ ತಾಯಿ ಯಾರ ಮಗುವನ್ನೂ ಕದ್ದಿಲ್ಲ. ಈ ಊರಿನ ಸಾವಿರ ಮಕ್ಕಳನ್ನು ಎತ್ತಿ ಕೊಟ್ಟಿದ್ದಾರೆ.’

ಯಂತ್ರ ಓಡಿಸಿದೆ. ಅದು ಅಷ್ಟು ವೇಗವಾಗಿ ಓಡಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಕಟ್ಟುಗಳು ಬಾಗಿಲಿನಿಂದ ಬಾಗಿಲಿಗೆ ಹಾರಿ ಸೈಕಲ್ಲೇರಿದವು. ಅರ್ಧದಷ್ಟು ಹೋದ ಮೇಲೆ ಚಿಕ್ಕ ಯಜಮಾನರು ಒಂದು ಪ್ರತಿ ಹಿಡಿದು, ಮುಖ ಕೆಂಡವಾಗಿ, ಓಡಿ ಬಂದರು.

‘ನಿಲ್ಸೋ! ನಿಲ್ಸೋ ಅಂದ್ರೆ! ಕಿವಿ ಕೇಳಲ್ವೇನೋ?’

‘ತಾಂತ್ರಿಕ ದೋಷ ಯಜಮಾನ್ರೇ,’ ಅಂದೆ, ‘ನೀವು ಹೇಳೋದು ಕೇಳಿಸ್ತಾ ಇಲ್ಲ.’

ಕೊನೆಗೆ ಅವರೇ ಸ್ವಿಚ್ಚು ಕಿತ್ತರು. ಆ ಸಂಜೆಯೇ ನಾನೂ ದೊಡ್ಡಪ್ಪನೂ ಬೀದಿಗೆ ಬಿದ್ದೆವು. ಅಕ್ಕನನ್ನು ಸಹಿಯಾದ ಕರಡು ಉಳಿಸಿತು. ಮಾರನೆಯ ದಿನದ ಪತ್ರಿಕೆ ನೋಡಬೇಕಿತ್ತು: ಮೊದಲ ಪುಟ, ಅದೇ ಜಾಗ, ಅದೇ ಮೂರು ಕಾಲಂ ಅಗಲಕ್ಕೆ, ‘ನಿನ್ನೆಯ ಅಡಿಬರಹವು ಆಧಾರರಹಿತ, ಮಾಲೀಕರ ಗೌರವಕ್ಕಾದ ಧಕ್ಕೆಗೆ ವಿಷಾದಿಸುತ್ತೇವೆ.’ ಸುಣ್ಣ ಬಳಿದ ಗೋಡೆಯ ಅಕ್ಷರ, ಬರೆ ತಮ್ಮ ಚರ್ಮಕ್ಕೇ ಬಿದ್ದ ಕೂಡಲೇ, ಚಿಕ್ಕ ಯಜಮಾನರಿಗೆ ಎಷ್ಟು ಸ್ಪಷ್ಟವಾಗಿ ಕಂಡಿತು! ಪ್ರಾಧ್ಯಾಪಕರ ಚರಿತ್ರೆಯೂ ಹೊಳೆಯುವ ಹೊದಿಕೆಯಲ್ಲಿ ಬಂತು. ಆ ವಾಕ್ಯ ಅರವತ್ತೊಂದನೇ ಪುಟದಲ್ಲಿ ಇವತ್ತಿಗೂ ಇದೆ.

ಉಳಿಸಿಟ್ಟಿದ್ದ ಒಂದು ಪ್ರತಿಯನ್ನು ದಾದಿಯಮ್ಮನಿಗೆ ಕೊಡಲು ಇಬ್ಬರೂ ಹೋದೆವು. ಆಕೆ ಓದಿ, ಚಪ್ಪಲಿ ಮೆಟ್ಟಿಕೊಂಡು, ಬಾಗಿಲಿಗೆ ಬಂದರು. ‘ಬರೀ ಅಚ್ಚು ಹಾಕಿದ್ರೆ ಮುಗೀತಾ? ಬನ್ನಿ ನನ್ನ ಜೊತೆ. ಆ ಮೂಲೆ ಮನೆಯೋರಿಗೆ ಓದಕ್ಕೆ ಬರಲ್ಲ, ನೀವೇ ಓದಿ ಹೇಳಿ.’ ಬಿಸಿಲು ನೆತ್ತಿಗೇರಿತ್ತು. ಒಂದೊಂದು ಬಾಗಿಲನ್ನೂ ಆಕೆ ತಟ್ಟಿದರು. ಒಂದೊಂದು ಹೊಸ್ತಿಲಿನ ಮುಂದೆಯೂ ದೊಡ್ಡಪ್ಪ ತಮ್ಮ ಮುಖವನ್ನು ಎತ್ತಿ ಹಿಡಿದು, ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಐದನೆಯ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ‘ನೀರು ಕುಡೀರಿ,’ ಎಂದರು ಆಕೆ, ‘ಇನ್ನೂ ಒಂಬತ್ತು ಮನೆ ಇದೆ.’ ಹದಿನಾಲ್ಕೂ ಆಯಿತು. ಒಬ್ಬಳು ಮುದುಕಿ ಮಾತ್ರ ದಾದಿಯಮ್ಮನ ಕೈ ಹಿಡಿದು ಅತ್ತಳು. ಉಳಿದವರು ‘ಹೌದಾ’ ಎಂದು ಕದ ಹಾಕಿಕೊಂಡರು.

ದೊಡ್ಡಪ್ಪನಂಥವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಕೆಲಸದಲ್ಲಿ ನೂಲು ಹಿಡಿದಂತೆ ನೇರ, ನ್ಯಾಯಕ್ಕಾಗಿ ದೊಡ್ಡವರೊಂದಿಗೆ ವರ್ಷಾನುಗಟ್ಟಲೆ ಗುದ್ದಾಡುವವರು. ಲೋಕ ಅವರನ್ನು ಸತ್ಯವಂತರೆಂದು ಹೊಗಳುತ್ತದೆ, ಹೊಗಳಲಿ. ಆದರೆ ಈ ಕುಲದ ಒಳಗುಟ್ಟು ನಾನು ಬಲ್ಲೆ, ನಾನೂ ಅದೇ ಕುಲದವನು: ಯಜಮಾನನ ಎದುರು ನಿಂತು ಬೈಸಿಕೊಳ್ಳುವುದರಲ್ಲಿ ಒಂದು ಮರ್ಯಾದೆಯಿದೆ, ನೋಡುವವರು ಇರುತ್ತಾರೆ, ನಮ್ಮಿಂದ ಬದುಕು ಕೆಟ್ಟವರ ಎದುರು ನಿಂತು ತಪ್ಪಾಯಿತು ಎನ್ನುವುದರಲ್ಲಿ ಯಾವ ಮರ್ಯಾದೆಯೂ ಇಲ್ಲ. ಅದಕ್ಕೇ ನಾವು ಮಹಡಿ ಹತ್ತುತ್ತೇವೆ, ಹೋರಾಡುತ್ತೇವೆ, ಅದನ್ನು ತಪಸ್ಸೆನ್ನುತ್ತೇವೆ. ಮೂರು ಬೀದಿ ಆಚೆ ಒಬ್ಬರು ಬಾಗಿಲ ಸದ್ದಿಗೆ ಕಿವಿಗೊಟ್ಟು ವರ್ಷವೆಲ್ಲ ಕಾದು, ಕಾಯುವುದನ್ನೂ ಬಿಟ್ಟುಬಿಡುತ್ತಾರೆ.